ಇನ್ಸುಲೇಟರ್ ಮೇಲೆ ಐಸ್ ಕಟ್ಟಿದರೆ ಕರೆಂಟು ಅದನ್ನು ಯಾಕೆ ಕರಗಿಸಲ್ಲ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕು. ಹೊಲದ ಮೇಲೆ ದೊಡ್ಡ ಲೈನ್ ಹಾದು ಹೋಗಿದೆ. ನಮ್ಮಣ್ಣ ಸೈನ್ಯದಲ್ಲಿದ್ದಾನೆ, ಎರಡು ಚಳಿಗಾಲ ದ್ರಾಸ್‌ನಲ್ಲಿ ಕಳೆದ. ಅಲ್ಲಿನ ಲೈನ್‌ನ ಪಿಂಗಾಣಿ ಬಟ್ಟಲುಗಳಿಗೆ ಐಸ್ ಕಟ್ಟಿ ಕೋಲುಕೋಲಾಗಿ ನೇತಾಡುತ್ತದಂತೆ. ಆದರೆ ತಂತಿ ಹತ್ತಿರದ ಒಂದೆರಡು ಬಟ್ಟಲಲ್ಲಿ ಮಾತ್ರ ಐಸ್ ಕಡಿಮೆ ಅಂತಾನೆ. ಲಕ್ಷಗಟ್ಟಲೆ ವೋಲ್ಟ್ ಇದ್ದರೂ ಐಸ್ ಯಾಕೆ ಕರಗಲ್ಲ? ಕರೆಂಟು ಐಸನ್ನು ಎಳೆಯುತ್ತಾ, ತಳ್ಳುತ್ತಾ? ಕಡು ಚಳಿಯಲ್ಲಿ ಸುಮ್ನಿದ್ದ ಲೈನು ಬಿಸಿಲು ಬಂದ ಮೇಲೆ ಟ್ರಿಪ್ ಆಗುತ್ತದಂತೆ, ಅದ್ಯಾಕೆ? ಇದಕ್ಕೂ ನಮ್ಮೂರಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ನಿಮ್ಮಣ್ಣನ ಕಣ್ಣು ಬಹಳ ಚುರುಕು. "ತಂತಿ ಹತ್ತಿರದ ಒಂದೆರಡು ಬಟ್ಟಲಲ್ಲಿ ಐಸ್ ಕಡಿಮೆ" ಅಂದಿದ್ದಾರಲ್ಲ, ಇಡೀ ವಿಷಯದ ಬೀಗದ ಕೈ ಆ ಮಾತಿನಲ್ಲೇ ಇದೆ. ಅಲ್ಲಿಗೆ ಬರುತ್ತೇನೆ.

ನಾನು ಕೋಲಾರ ಜಿಲ್ಲೆಯಲ್ಲೇ ಲೈನ್ ನಿರ್ವಹಣೆಯ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಐಸ್ ಕಟ್ಟಿದ ಇನ್ಸುಲೇಟರ್ ನಮ್ಮ ಕಡೆ ಕಾಣಸಿಗುವುದಿಲ್ಲ. ಆದರೂ ಐಸ್ ಬಗ್ಗೆ ಓದಲು ಕೂತಾಗ ನನಗೆ ಅದು ಹೊಸದು ಅನ್ನಿಸಲಿಲ್ಲ. ಧನುರ್ಮಾಸದ ಬೆಳಗಿನ ಜಾವ ನಮ್ಮ ಲೈನ್‌ಗಳ ಕೆಳಗೆ ನಿಂತು ನೋಡಿದ್ದನ್ನೇ ಯಾರೋ ದೂರದ ದೇಶದಿಂದ ಹೇಳುತ್ತಿದ್ದಾರೆ ಅನ್ನಿಸಿತು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತೇನೆ. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ.

ಮೊದಲು ಕರಗದ ವಿಷಯ. ವೋಲ್ಟ್ ಇದ್ದ ಮಾತ್ರಕ್ಕೆ ಬಿಸಿ ಹುಟ್ಟುವುದಿಲ್ಲ. ಬಿಸಿ ಹುಟ್ಟಲು ಕರೆಂಟು ಹರಿಯಬೇಕು. ಊರಿನ ಓವರ್‌ಹೆಡ್ ಟ್ಯಾಂಕ್ ತುಂಬಿದೆ, ನಲ್ಲಿ ಮುಚ್ಚಿದೆ ಅಂದುಕೊಳ್ಳಿ. ಪೈಪಿನಲ್ಲಿ ಒತ್ತಡ ಇದೆ, ಹರಿವು ಇಲ್ಲ. ಇನ್ಸುಲೇಟರ್ ಅಂದರೆ ಮುಚ್ಚಿದ ನಲ್ಲಿ. ತಂತಿಯಲ್ಲಿ ನೂರಾರು ಆಂಪಿಯರ್ ಹರಿಯುತ್ತಿದ್ದರೆ, ಅದನ್ನು ಹಿಡಿದುಕೊಂಡಿರುವ ಒಣಗಿದ, ಶುಭ್ರವಾದ ಇನ್ಸುಲೇಟರ್ ಮೇಲೆ ಸೋರುವುದು ಆಂಪಿಯರ್‌ನ ಹತ್ತು ಲಕ್ಷದ ಭಾಗಗಳ ಲೆಕ್ಕದಲ್ಲಿ. ಅಷ್ಟರಲ್ಲಿ ಒಂದು ಹನಿ ನೀರೂ ಬೆಚ್ಚಗಾಗುವುದಿಲ್ಲ.

ತಂತಿಯ ಮಾತು ಬೇರೆ. ಲೋಡ್ ಜಾಸ್ತಿ ಇದ್ದರೆ ಅದು ತಾನಾಗಿಯೇ ಬೆಚ್ಚಗಿರುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ದಿನಗಟ್ಟಲೆ ಮಳೆ ಬಿತ್ತು. ಬಿದ್ದ ಕೂಡಲೇ ಹೆಪ್ಪುಗಟ್ಟುವ ಮಳೆ ಅದು. ಐಸ್ ಭಾರಕ್ಕೆ ಸುಮಾರು ಸಾವಿರ ಉಕ್ಕಿನ ಟವರ್‌ಗಳು, ಹತ್ತಾರು ಸಾವಿರ ಮರದ ಕಂಬಗಳು ನೆಲಕ್ಕೆ ಬಿದ್ದವು. ಆಮೇಲೆ ಅಲ್ಲಿನವರು ತಂತಿಗೆ ಬೇಕೆಂದೇ ದೊಡ್ಡ ಡಿಸಿ ಕರೆಂಟು ಹರಿಸಿ ಐಸ್ ಕರಗಿಸುವ ಯಂತ್ರವನ್ನು ಒಂದು ಸ್ಟೇಷನ್‌ನಲ್ಲಿ ಕೂರಿಸಿದರು. 2008ರ ಆರಂಭದಲ್ಲಿ ದಕ್ಷಿಣ ಚೀನಾದಲ್ಲಿ ಇಂಥದೇ ಅನಾಹುತ ಆದ ಮೇಲೆ ಅವರೂ ಅದೇ ದಾರಿ ಹಿಡಿದರು. ಇದು ತಂತಿಯ ಐಸಿಗೆ ಮದ್ದು. ಇನ್ಸುಲೇಟರ್‌ಗೆ ಇದರಿಂದ ಏನೂ ಪ್ರಯೋಜನವಿಲ್ಲ, ಯಾಕೆಂದರೆ ಆ ಕರೆಂಟು ಅದರೊಳಗೆ ಹರಿಯುವುದೇ ಇಲ್ಲ.

ಹಾಗಾದರೆ ಇನ್ಸುಲೇಟರ್ ಮೇಲೆ ಕೆಲಸ ಮಾಡುವುದು ಯಾವುದು? ವಿದ್ಯುತ್ ಕ್ಷೇತ್ರ. ಹರಿಯದಿದ್ದರೂ ಒತ್ತುವ ಆ ಒತ್ತಡ.

ನೀವು ಬಟ್ಟಲು ಅಂದದ್ದನ್ನು ನಾವು ಡಿಸ್ಕ್ ಅನ್ನುತ್ತೇವೆ. ಒಂದು ಡಿಸ್ಕ್ ಸುಮಾರು 25 ಸೆಂಟಿಮೀಟರ್ ಅಗಲ. ಒಂದರ ಕೆಳಗೊಂದು ಪೋಣಿಸಿದರೆ ಒಂದು ಸ್ಟ್ರಿಂಗ್. ಶ್ರೀನಗರದಿಂದ ದ್ರಾಸ್, ಕಾರ್ಗಿಲ್ ಮೂಲಕ ಲೇಹ್‌ಗೆ ಹೋಗುವ ಲೈನ್ 220 ಕಿಲೋವೋಲ್ಟ್‌ನದು, 2019ರಲ್ಲಿ ಉದ್ಘಾಟನೆ ಆಯಿತು. 220 ಅನ್ನುವುದು ಎರಡು ತಂತಿಗಳ ನಡುವಿನ ಲೆಕ್ಕ. ಒಂದು ತಂತಿಗೂ ಟವರ್‌ಗೂ ನಡುವೆ ಇರುವುದು 127 ಕಿಲೋವೋಲ್ಟ್. ಸ್ಟ್ರಿಂಗ್‌ನಲ್ಲಿ 14 ಡಿಸ್ಕ್ ಇವೆ ಅಂದುಕೊಂಡರೆ ತಲಾ 9 ಕಿಲೋವೋಲ್ಟ್ ಬರಬೇಕು, ಅಲ್ವಾ?

ಬರುವುದಿಲ್ಲ. ಕೆರೆ ತೂಬಿನಿಂದ ಹೊರಟ ಕಾಲುವೆಯನ್ನು ನೆನೆಸಿಕೊಳ್ಳಿ. ದಾರಿಯುದ್ದಕ್ಕೂ ಒಂದೊಂದು ಗದ್ದೆಗೆ ಒಂದಿಷ್ಟು ನೀರು ತಿರುಗುತ್ತದೆ. ತೂಬಿನ ಹತ್ತಿರದ ಕಾಲುವೆಯಲ್ಲಿ ಎಲ್ಲರ ಪಾಲಿನ ನೀರೂ ಹರಿಯಬೇಕು. ಬಾಲಕ್ಕೆ ಹೋಗುವಷ್ಟರಲ್ಲಿ ಸಣ್ಣ ಧಾರೆ. ಸ್ಟ್ರಿಂಗ್‌ನಲ್ಲೂ ಹೀಗೆಯೇ. ಪ್ರತಿ ಡಿಸ್ಕ್‌ನ ಲೋಹದ ಟೊಪ್ಪಿಗೂ ಟವರ್‌ನ ಉಕ್ಕಿಗೂ ನಡುವೆ ಗಾಳಿ ಇದೆ. ಆ ಗಾಳಿಯ ಮೂಲಕ ಎಸಿ ವಿದ್ಯುತ್ತಿನ ಒಂದಿಷ್ಟು ಪಾಲು ಪಕ್ಕಕ್ಕೆ ಜಾರುತ್ತಾ ಹೋಗುತ್ತದೆ. ಹಾಗಾಗಿ ತಂತಿಗೆ ಅಂಟಿಕೊಂಡ ಕೆಳಗಿನ ಡಿಸ್ಕ್ ಮೇಲೆ ಭಾರ, ಅಂದರೆ ವೋಲ್ಟೇಜ್‌ನ ಪಾಲು, ಎಲ್ಲಕ್ಕಿಂತ ಜಾಸ್ತಿ. ಬಳೆ ತೊಡಿಸದ ಉದ್ದ ಸ್ಟ್ರಿಂಗ್‌ನಲ್ಲಿ ಅದು ಸರಾಸರಿಯ ಎರಡು ಪಟ್ಟು ದಾಟಬಹುದು. ದೊಡ್ಡ ಲೈನ್‌ಗಳ ಕೆಳತುದಿಯಲ್ಲಿ ಅಲ್ಯೂಮಿನಿಯಂ ಬಳೆ ಕಾಣುತ್ತದಲ್ಲ, ಅದು ಈ ಭಾರ ಹಂಚಲು ಹಾಕಿದ್ದು. ಚಂದಕ್ಕಲ್ಲ.

ಈಗ ಐಸ್ ಕಟ್ಟುವುದನ್ನು ನೋಡೋಣ. ಚಳಿ ದೇಶಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದರೂ ಇನ್ನೂ ನೀರಾಗಿಯೇ ಇರುವ ಹನಿಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಏನಾದರೂ ತಾಗಿದ ಕೂಡಲೇ ಗಟ್ಟಿಯಾಗುತ್ತವೆ. ಹನಿ ಸಣ್ಣದು, ಚಳಿ ಜಾಸ್ತಿ ಅಂದರೆ ಮುಟ್ಟಿದಲ್ಲೇ ಹೆಪ್ಪುಗಟ್ಟಿ ಬಿಳಿ ನೊರೆಯಂಥ ಐಸ್ ಆಗುತ್ತದೆ. ಅದರೊಳಗೆ ಗಾಳಿ ತುಂಬಿರುತ್ತದೆ. ಹನಿ ದಪ್ಪ, ಚಳಿ ಸೊನ್ನೆಯ ಆಸುಪಾಸು ಅಂದರೆ ನೀರು ಮೊದಲು ಹರಡಿ, ಜಾರಿ, ಆಮೇಲೆ ಗಟ್ಟಿಯಾಗುತ್ತದೆ. ಗಾಜಿನಂಥ ಐಸ್. ಡಿಸ್ಕ್‌ನ ಅಂಚಿನಿಂದ ಕೋಲು ಇಳಿಯುವುದು ಇದರಲ್ಲೇ. ಲೈನಿನವರಿಗೆ ಹೆಚ್ಚು ಭಯ ಇದರದ್ದೇ.

ಎಳೆಯುತ್ತಾ, ತಳ್ಳುತ್ತಾ ಅಂತ ಕೇಳಿದ್ದೀರಿ. ಎರಡೂ ಇದೆ. ಯಾವುದು ಗೆಲ್ಲುತ್ತದೆ ಅನ್ನುವುದು ಕ್ಷೇತ್ರ ಎಷ್ಟು ತೀವ್ರ ಅನ್ನುವುದರ ಮೇಲೆ.

ನೀರಿನ ಹನಿ ವಿದ್ಯುತ್ ಕ್ಷೇತ್ರದೊಳಗೆ ಬಂದರೆ ಅದರ ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಆಗುತ್ತದೆ. ಆಗ ಹನಿ ಕ್ಷೇತ್ರ ಜಾಸ್ತಿ ಇರುವ ಕಡೆಗೆ ಸ್ವಲ್ಪ ವಾಲುತ್ತದೆ. ತಲೆ ಬಾಚಿದ ಬಾಚಣಿಗೆಯನ್ನು ನಲ್ಲಿಯ ಸಣ್ಣ ಧಾರೆಯ ಪಕ್ಕ ಹಿಡಿದರೆ ಧಾರೆ ಬಾಗುತ್ತದೆ, ಮಕ್ಕಳಾಗಿದ್ದಾಗ ಮಾಡಿರುತ್ತೀರಿ. ಅದೇ ಸೆಳೆತ. ಆದರೆ ಬಯಲಿನಲ್ಲಿ ಹನಿಯನ್ನು ತಂದು ಹಾಕುವ ಕೆಲಸ ಬಹುಪಾಲು ಗಾಳಿಯದ್ದು. ಸೆಳೆತ ಎದ್ದು ಕಾಣುವುದು ಹನಿ ಬಂದು ಕೂತ ಮೇಲೆ.

ಕೋಲಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಒಂದು ಹನಿ ಸದಾ ತೂಗುತ್ತಿರುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಚೂಪಾದ ತುದಿ ಅಂದರೆ ಬಲು ಪ್ರೀತಿ. ಅಲ್ಲೇ ಬಂದು ಕೇಂದ್ರೀಕರಿಸುತ್ತದೆ. ಹನಿ ಉದ್ದವಾಗುತ್ತದೆ, ಕೊನೆಗೆ ಬುಗುರಿಯ ತುದಿಯ ಹಾಗೆ ಚೂಪಾಗುತ್ತದೆ. ಬ್ರಿಟಿಷ್ ವಿಜ್ಞಾನಿ ಜಿ.ಐ. ಟೇಲರ್ 1964ರಲ್ಲಿ ಈ ಆಕಾರದ ಲೆಕ್ಕ ಹಾಕಿ ತೋರಿಸಿದರು. ಆ ಶಂಕುವಿನ ತುದಿಯಿಂದ ನೀರು ಸಣ್ಣ ಸಣ್ಣ ತುಂತುರಾಗಿ ಸಿಡಿದು ಹೋಗುತ್ತದೆ. ಜೊತೆಗೆ ತುದಿಯ ಸುತ್ತಲಿನ ಗಾಳಿಯೇ ಒಡೆದು ನೀಲಿ ಬೆಳಕು, ಚರ್ ಅನ್ನುವ ಸದ್ದು ಬರುತ್ತದೆ. ಇದಕ್ಕೆ ಕೊರೋನಾ ಅನ್ನುತ್ತಾರೆ. ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಕಿರೀಟ ಅನ್ನುವ ಅರ್ಥದ ಹಳೆಯ ಲ್ಯಾಟಿನ್ ಪದ ಅದು. ಕೊರೋನಾ ಶುರುವಾದರೆ ತುದಿ ಬಿಸಿಯಾಗುತ್ತದೆ. ಅಲ್ಲಿಂದ ಸಣ್ಣ ಗಾಳಿಯೂ ಬೀಸುತ್ತದೆ. ಬಂದು ಸೇರಬೇಕಾದ ಹನಿಗಳು ತುದಿಯ ವಿದ್ಯುತ್ತನ್ನೇ ಪಡೆದು ದೂರ ತಳ್ಳಲ್ಪಡುತ್ತವೆ.

ಐಸಿನ ಮೈಕಟ್ಟೂ ಬದಲಾಗುತ್ತದೆ. ಕ್ವಿಬೆಕ್‌ನ ಶಿಕುಟಿಮಿಯಲ್ಲಿರುವ ವಿಶ್ವವಿದ್ಯಾಲಯದಲ್ಲಿ ಮಸೂದ್ ಫರ್ಜಾನೆ ಮತ್ತು ಅವರ ಜೊತೆಗಾರರು ಬಹಳ ವರ್ಷ ಇದನ್ನೇ ಹಿಡಿದು ಕೂತರು. ಶೀತಲ ಕೋಣೆಯಲ್ಲಿ ತಂತಿಗೆ, ಇನ್ಸುಲೇಟರ್‌ಗೆ ವೋಲ್ಟೇಜ್ ಕೊಟ್ಟು ಐಸ್ ಕಟ್ಟಿಸಿ ನೋಡಿದರು. ಬಲವಾದ ಕ್ಷೇತ್ರದಲ್ಲಿ ಬೆಳೆದ ಐಸ್ ಹಗುರ, ಅದರೊಳಗೆ ರಂಧ್ರ ಜಾಸ್ತಿ. ಕೆಲವು ಸಲ ಗಿಡದ ರೆಂಬೆಗಳ ಹಾಗೆ ಕವಲೊಡೆದು ಹೊರಚಾಚುತ್ತದೆ. ವೋಲ್ಟೇಜ್ ಇಲ್ಲದ ಇನ್ಸುಲೇಟರ್‌ನಲ್ಲಿ ಕೋಲುಗಳು ಮೇಲಿನ ಡಿಸ್ಕ್‌ನಿಂದ ಕೆಳಗಿನ ಡಿಸ್ಕ್‌ಗೆ ಕೂಡಿಕೊಂಡು ಇಡೀ ಸ್ಟ್ರಿಂಗ್ ಒಂದೇ ಐಸ್ ಕಂಬ ಆಗಿಬಿಡುತ್ತದೆ. ವೋಲ್ಟೇಜ್ ಇರುವ ಸ್ಟ್ರಿಂಗ್‌ನಲ್ಲಿ ಹಾಗಾಗುವುದಿಲ್ಲ. ಭಾರ ಜಾಸ್ತಿ ಇರುವ ಕಡೆ, ಮುಖ್ಯವಾಗಿ ತಂತಿಯ ಬಳಿ, ಐಸ್ ಇಲ್ಲದ ಜಾಗ ಉಳಿದುಬಿಡುತ್ತದೆ. ನಿಮ್ಮಣ್ಣ ನೋಡಿದ್ದು ಇದನ್ನೇ. ಅದಕ್ಕೇ ಇನ್ಸುಲೇಟರ್ ಪರೀಕ್ಷೆ ಮಾಡುವಾಗ ಮೊದಲು ಐಸ್ ಕಟ್ಟಿಸಿ ಆಮೇಲೆ ವೋಲ್ಟೇಜ್ ಕೊಟ್ಟರೆ ಸರಿಯಾದ ಉತ್ತರ ಸಿಗುವುದಿಲ್ಲ. ವೋಲ್ಟೇಜ್ ಕೊಟ್ಟುಕೊಂಡೇ ಕಟ್ಟಿಸಬೇಕು.

ಐಸ್ ಇಲ್ಲದ ಜಾಗ ಅಂದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸುತ್ತದೆ. ನನಗೂ ಮೊದಲು ಹಾಗೆ ಅನ್ನಿಸಿತ್ತು. ನಿಜ ಏನೆಂದರೆ, ಅನಾಹುತ ಶುರುವಾಗುವುದೇ ಅಲ್ಲಿಂದ.

ಒತ್ತಡ ಹಂಚಿಕೊಳ್ಳುವಾಗ ವಿದ್ಯುತ್ ಕ್ಷೇತ್ರ ಎಲ್ಲ ವಸ್ತುವನ್ನೂ ಒಂದೇ ಥರ ನೋಡುವುದಿಲ್ಲ. ಗಾಳಿಗೆ 1 ಅಂತ ಒಂದು ಅಂಕ ಕೊಟ್ಟರೆ, ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಸೊನ್ನೆ ಡಿಗ್ರಿಯ ಹತ್ತಿರದ ಐಸಿನ ಅಂಕ 90ರ ಆಸುಪಾಸು. ಅಂಕ ಜಾಸ್ತಿ ಇದ್ದ ಕಡೆಯಿಂದ ಕ್ಷೇತ್ರ ಕಡಿಮೆ ಅಂಕದ ಕಡೆಗೆ ಜರುಗುತ್ತದೆ. ಅಂದರೆ ಐಸ್ ಕಟ್ಟಿದ ಡಿಸ್ಕ್‌ಗಳು ತಮ್ಮ ಪಾಲಿನ ಭಾರವನ್ನು ಆ ಖಾಲಿ ಜಾಗದ ಗಾಳಿಯ ಮೇಲೆ ಹೊರಿಸುತ್ತವೆ. ಐಸ್ ಒಣಗಿ ಗಟ್ಟಿಯಾಗಿರುವವರೆಗೂ ಹೇಗೋ ನಡೆಯುತ್ತದೆ. ಒಣ ಐಸ್ ಕೆಟ್ಟ ವಾಹಕ. ಕಡು ಚಳಿಯಲ್ಲಿ ಲೈನ್ ಸುಮ್ಮನಿರುವುದು ಇದಕ್ಕೇ.

ಈಗ ಬಿಸಿಲು ಬಂತು ಅನ್ನಿ. ಐಸ್ ಮೇಲೆ ತೆಳುವಾಗಿ ನೀರು ಬಿಡುತ್ತದೆ. ಇದು ಮಾಮೂಲಿ ನೀರಲ್ಲ. ಜಾತ್ರೆಯಲ್ಲಿ ಐಸ್ ಕ್ಯಾಂಡಿ ಚೀಪಿದ್ದು ನೆನಪಿದೆಯಾ? ಸಿಹಿಯೂ ಬಣ್ಣವೂ ಮೊದಲೇ ಬಾಯಿಗೆ ಬಂದು ಕೊನೆಗೆ ಬರೀ ಬಿಳಿ ಐಸ್ ಕಡ್ಡಿಯಲ್ಲಿ ಉಳಿಯುತ್ತದೆ. ನೀರು ಗಟ್ಟಿಯಾಗುವಾಗ ತನ್ನೊಳಗಿನ ಸಕ್ಕರೆ, ಉಪ್ಪು ಎಲ್ಲವನ್ನೂ ಹೊರಗೆ ತಳ್ಳುತ್ತದೆ. ಇನ್ಸುಲೇಟರ್ ಮೇಲೂ ಅಷ್ಟೇ. ಮಳೆನೀರಿನ, ಧೂಳಿನ ಉಪ್ಪೆಲ್ಲ ಐಸಿನ ಹೊರಮೈಗೆ ಬಂದು ಸೇರಿರುತ್ತದೆ. ಕರಗುವ ಮೊದಲ ಪೊರೆಗೆ ಅದಷ್ಟೂ ಸಿಗುತ್ತದೆ. ಆ ಪೊರೆ ಮೂಲ ನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ವಿದ್ಯುತ್ ಹರಿಸುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒದ್ದೆ ಐಸ್ ಮೇಲಿನ ಡಿಸ್ಕ್‌ಗಳನ್ನೆಲ್ಲ ಕೂಡಿಸಿಬಿಟ್ಟಿದೆ, ಕೆಳಗೆ 10 ಸೆಂಟಿಮೀಟರ್ ಖಾಲಿ ಉಳಿದಿದೆ ಅಂದುಕೊಳ್ಳಿ. ಎಸಿ ಸದಾ ಏರಿಳಿಯುತ್ತಿರುತ್ತದೆ, 127 ಕಿಲೋವೋಲ್ಟ್ ಅನ್ನುವುದು ಅದರ ಒಂಥರಾ ಸರಾಸರಿ, ಶಿಖರ ಸುಮಾರು 180. ಹೆಚ್ಚುಕಡಿಮೆ ಅಷ್ಟೂ ಆ 10 ಸೆಂಟಿಮೀಟರ್ ಮೇಲೆ ಬೀಳುತ್ತದೆ. ಸೆಂಟಿಮೀಟರ್‌ಗೆ 18 ಕಿಲೋವೋಲ್ಟ್. ಸಮತಟ್ಟಾದ ಎರಡು ಫಲಕಗಳ ನಡುವಿನ ಒಣ ಗಾಳಿ ಸೆಂಟಿಮೀಟರ್‌ಗೆ ಸುಮಾರು 30 ಕಿಲೋವೋಲ್ಟ್ ತಡೆಯುತ್ತದೆ, ನಿಜ. ಆದರೆ ಚೂಪಾದ ತುದಿ ಇದ್ದರೆ ದೊಡ್ಡ ಅಂತರದಲ್ಲಿ ಅದು 5ರ ಸುತ್ತಮುತ್ತ ಇಳಿದುಬಿಡುತ್ತದೆ. ಮೇಲೆ ತೂಗುತ್ತಿರುವುದು ಐಸ್ ಕೋಲಿನ ಚೂಪು ತುದಿಯೇ. ದ್ರಾಸ್ ಇರುವುದು 3,200 ಮೀಟರಿಗೂ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ತೆಳು ಗಾಳಿಗೆ ತಡೆಯುವ ಶಕ್ತಿಯೂ ಕಡಿಮೆ. ಇಷ್ಟಾದ ಮೇಲೆ ಖಾಲಿ ಜಾಗದಲ್ಲಿ ಆರ್ಕ್, ಅಂದರೆ ಗಾಳಿಯನ್ನೇ ಸೀಳಿ ಹರಿಯುವ ವಿದ್ಯುತ್ ಕಿಡಿ, ಹೊಡೆಯುವುದು ಆಶ್ಚರ್ಯವೇನಲ್ಲ.

ಆರ್ಕ್ ಹೊಡೆದ ಕೂಡಲೇ ಲೈನ್ ಟ್ರಿಪ್ ಆಗುವುದಿಲ್ಲ, ಇದನ್ನು ಗಮನಿಸಿ. ಆರ್ಕ್ ಮುಂದಕ್ಕೆ ಹೋಗಲು ಐಸ್ ಮೇಲಿನ ನೀರಿನ ಪೊರೆಯ ಮೂಲಕ ಕರೆಂಟು ಬರಬೇಕು. ಪೊರೆಯ ತಡೆ ಜಾಸ್ತಿ ಇದ್ದರೆ ಆರ್ಕ್ ಹಸಿದು ಆರಿಹೋಗುತ್ತದೆ. ತಡೆ ಕಡಿಮೆ ಇದ್ದರೆ ಆರ್ಕ್ ತನ್ನ ಬಿಸಿಯಿಂದಲೇ ಇನ್ನಷ್ಟು ಐಸ್ ಕರಗಿಸಿಕೊಂಡು, ಇನ್ನಷ್ಟು ಕರೆಂಟು ಎಳೆದುಕೊಂಡು ಮುಂದಕ್ಕೆ ತೆವಳುತ್ತದೆ. ಅರ್ಧಕ್ಕಿಂತ ಜಾಸ್ತಿ ದಾರಿ ಸಾಗಿತೋ, ಉಳಿದದ್ದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ತಂತಿಯಿಂದ ಟವರ್‌ವರೆಗೆ ಬೆಂಕಿಯ ಹಾವು. ಅದೇ ಫ್ಲ್ಯಾಶ್‌ಓವರ್. ಆಗ ಬ್ರೇಕರ್ ಬೀಳುತ್ತದೆ. ಆರ್ಕ್‌ನ ಆಸೆಗೂ ಪೊರೆಯ ತಡೆಗೂ ನಡುವಿನ ಈ ಜಗ್ಗಾಟವನ್ನು ಜರ್ಮನಿಯ ಓಬೆನೌಸ್ 1958ರಲ್ಲೇ ಸಮೀಕರಣವಾಗಿ ಬರೆದಿದ್ದರು. ಅವರು ಬರೆದದ್ದು ಐಸಿಗಲ್ಲ, ಕೊಳೆ ಹಿಡಿದ ಇನ್ಸುಲೇಟರ್‌ಗೆ. ಐಸ್ ಅಧ್ಯಯನ ಮಾಡಿದವರು ಆಮೇಲೆ ಅದನ್ನೇ ಎತ್ತಿಕೊಂಡು ತಿದ್ದಿಕೊಂಡರು.

ಇಲ್ಲಿಂದ ನಮ್ಮೂರಿಗೆ ಬರೋಣ. ಓಬೆನೌಸ್ ಅವರ ಕೊಳೆ ಹಿಡಿದ ಇನ್ಸುಲೇಟರ್ ನಮ್ಮದೇ. ಜನವರಿಯಲ್ಲಿ ರಾಗಿ ಒಕ್ಕಣೆಯ ಧೂಳು, ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ರಷರ್‌ಗಳ ಪುಡಿ, ಮಾಲೂರಿನ ಕಡೆ ಇಟ್ಟಿಗೆ ಗೂಡಿನ ಹೊಗೆ, ಬೇಸಿಗೆಯಲ್ಲಿ ಎಲ್ಲೆಲ್ಲೂ ಕೆಮ್ಮಣ್ಣು. ಮಳೆಗಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಡಿಸ್ಕ್ ತೊಳೆಯುವವರಿಲ್ಲ. ಒಣಗಿದ್ದಷ್ಟು ಹೊತ್ತು ಈ ಕೊಳೆ ಏನೂ ಮಾಡುವುದಿಲ್ಲ. ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಕೊಳೆಯೊಳಗಿನ ಉಪ್ಪು ಕರಗಿ ತೆಳುವಾದ ಪೊರೆ ಆಗುತ್ತದೆ. ಸೋರುವ ಕರೆಂಟು ಜಾಸ್ತಿಯಾಗುತ್ತದೆ. ಅದು ದಟ್ಟವಾಗಿ ಹರಿಯುವ ಜಾಗ, ಅಂದರೆ ಡಿಸ್ಕ್‌ನ ಕೆಳಗಿನ ಪಿನ್ನಿನ ಸುತ್ತ, ಬಿಸಿಯಾಗಿ ಒಣಗುತ್ತದೆ. ಒಣಗಿದ ಆ ಉಂಗುರದ ಮೇಲೆ ಡಿಸ್ಕ್‌ನ ವೋಲ್ಟೇಜ್ ಅಷ್ಟೂ ಬಂದು ಕೂರುತ್ತದೆ. ಅಲ್ಲಿ ಸಣ್ಣ ಆರ್ಕ್. ಚಟಚಟ ಸದ್ದು.

ದ್ರಾಸ್‌ನಲ್ಲಿ ಐಸ್ ಇಲ್ಲದ ಖಾಲಿ ಜಾಗ. ಕೋಲಾರದಲ್ಲಿ ಒಣಗಿದ ಉಂಗುರ. ಅಲ್ಲಿ ಕರಗಿದ ನೀರಿನ ಪೊರೆ, ಇಲ್ಲಿ ಇಬ್ಬನಿಯ ಪೊರೆ. ಕೆಲಸ ಒಂದೇ.

ಕೋಲಾರಕ್ಕೆ ಈ ವಿಷಯದಲ್ಲಿ ದೊಡ್ಡ ಇತಿಹಾಸವೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿನ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ನೂರು ವರ್ಷದ ಮೇಲೆ, 2003ರಲ್ಲಿ, ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 500 ಕಿಲೋವೋಲ್ಟ್ ಡಿಸಿ ಲೈನ್ ಬಂತು. ಡಿಸಿ ಲೈನ್‌ಗೆ ಧೂಳಿನ ಕಾಟ ಇನ್ನೂ ಜಾಸ್ತಿ. ಎಸಿಯಲ್ಲಿ ಕ್ಷೇತ್ರ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ, ಧೂಳಿನ ಕಣಕ್ಕೆ ಯಾವ ಕಡೆಗೂ ಹೋಗಲು ಪುರುಸೊತ್ತಿಲ್ಲ. ಡಿಸಿಯಲ್ಲಿ ಸದಾ ಒಂದೇ ಕಡೆ ಎಳೆತ. ಹಳೆಯ ಟಿವಿ ಪರದೆಗೆ ಧೂಳು ಅಂಟುತ್ತಿದ್ದ ಹಾಗೆ ಅಂಟುತ್ತಲೇ ಇರುತ್ತದೆ. ಅದಕ್ಕೆ ಡಿಸಿ ಇನ್ಸುಲೇಟರ್‌ಗಳ ಮೇಲ್ಮೈ ದಾರಿಯನ್ನು ಇನ್ನಷ್ಟು ಉದ್ದ ಮಾಡುತ್ತಾರೆ.

ಆಲಿಕಲ್ಲು ಮಳೆಯ ಬಗ್ಗೆ ಯಾರಾದರೂ ಕೇಳಬಹುದು. ಮಾವಿಗೆ, ದ್ರಾಕ್ಷಿಗೆ ಅದು ಶನಿ. ಇನ್ಸುಲೇಟರ್‌ಗೆ ಅಂಟಿಕೊಳ್ಳುವುದಿಲ್ಲ. ಡಿಸ್ಕ್ ಬೆಚ್ಚಗಿರುತ್ತದೆ, ಕಲ್ಲು ಜಾರಿ ಬೀಳುತ್ತದೆ, ಜೊತೆಗೆ ಬರುವ ಜೋರು ಮಳೆ ಕೊಳೆ ತೊಳೆದು ಉಪಕಾರವನ್ನೇ ಮಾಡುತ್ತದೆ. ತೊಂದರೆ ಕೊಡುವುದು ಜೋರು ಮಳೆಯಲ್ಲ. ತೊಳೆಯುವಷ್ಟು ಬಾರದೆ ಬರೀ ಒದ್ದೆ ಮಾಡಿ ಹೋಗುವ ತುಂತುರು, ಮಂಜು, ಇಬ್ಬನಿ. ಪಂಜಾಬ್, ಹರಿಯಾಣ, ಉತ್ತರ ಪ್ರದೇಶದ ಲೈನ್‌ಗಳು ಚಳಿಗಾಲದ ಮಂಜಿನಲ್ಲಿ ಟ್ರಿಪ್ ಆಗುತ್ತಿದ್ದದ್ದೂ ಇದಕ್ಕೇ. ಅಲ್ಲಿ ಪಿಂಗಾಣಿ ತೆಗೆದು ಸಿಲಿಕೋನ್ ರಬ್ಬರಿನ ಪಾಲಿಮರ್ ಇನ್ಸುಲೇಟರ್ ಹಾಕುತ್ತಾ ಬಂದರು. ಕೆಸುವಿನ ಎಲೆಯ ಮೇಲಿನ ಹಾಗೆ ಅದರ ಮೇಲೆ ನೀರು ಪೊರೆಯಾಗದೆ ಬಿಡಿ ಹನಿಯಾಗಿ ನಿಲ್ಲುತ್ತದೆ.

ಚಳಿ ದೇಶದವರ ಉಪಾಯ ಬೇರೆ. ಸ್ಟ್ರಿಂಗ್ ಉದ್ದ ಮಾಡುತ್ತಾರೆ. ಮಧ್ಯೆ ಮಧ್ಯೆ ಅಗಲವಾದ ಡಿಸ್ಕ್ ಹಾಕಿ ಐಸ್ ಕೋಲುಗಳು ಒಂದಕ್ಕೊಂದು ಕೂಡದ ಹಾಗೆ ನೋಡಿಕೊಳ್ಳುತ್ತಾರೆ. ನೆಟ್ಟಗೆ ತೂಗುಹಾಕುವ ಬದಲು ಓರೆಯಾಗಿ ಕಟ್ಟುತ್ತಾರೆ, ಆಗ ಒಂದು ಡಿಸ್ಕ್‌ನ ಕೋಲು ಕೆಳಗಿನದರ ಮೇಲೆ ಇಳಿಯದೆ ಖಾಲಿ ಗಾಳಿಗೆ ಇಳಿಯುತ್ತದೆ. ನನಗೆ ಬಹಳ ಇಷ್ಟವಾದ ಉಪಾಯ ಇದು. ಖರ್ಚು ಕಡಿಮೆ, ಬುದ್ಧಿ ಜಾಸ್ತಿ.

ನಿಮಗೆ ಇದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ದ್ರಾಸ್‌ಗೆ ಹೋಗಬೇಕಿಲ್ಲ. ಧನುರ್ಮಾಸದಲ್ಲಿ ಬೆಳಗಿನ ಜಾವ ಐದರ ಹೊತ್ತಿಗೆ, ಇಬ್ಬನಿ ಚೆನ್ನಾಗಿ ಬಿದ್ದ ದಿನ, ಹೊಲದ ಬದುವಿನಲ್ಲಿ ದೂರ ನಿಂತುಕೊಂಡು ನೋಡಿ. ಟಾರ್ಚ್ ಆರಿಸಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಡಿಸ್ಕ್‌ಗಳ ಕೆಳಗೆ ನೀಲಿ, ನೇರಳೆ ಚುಕ್ಕೆಗಳು ಕಾಣಿಸಬಹುದು. ಕೆಳಗಿನ ಡಿಸ್ಕ್‌ಗಳಲ್ಲಿ ಜಾಸ್ತಿ ಇದೆಯಾ ಗಮನಿಸಿ. ಬಿಸಿಲೇರಿ ಇಬ್ಬನಿ ಆರಿದ ಹಾಗೆ ಸದ್ದು ನಿಲ್ಲುತ್ತದೆ.

ಸಣ್ಣ ಸದ್ದು ದೊಡ್ಡ ಲೈನ್‌ನಲ್ಲಿ ಮಾಮೂಲಿ. ಆದರೆ ಊರೊಳಗಿನ 11 ಕೆವಿ ಕಂಬದಲ್ಲಿ ಬಿಸಿಲು ಬಂದ ಮೇಲೂ ಚಟಚಟ ನಿಲ್ಲದಿದ್ದರೆ, ಕಿತ್ತಳೆ ಬಣ್ಣದ ಕಿಡಿ ಕಂಡರೆ, ಅಥವಾ ಡಿಸ್ಕ್ ಒಡೆದಿದ್ದರೆ ಹತ್ತಿರ ಹೋಗಬೇಡಿ. ಕಂಬವನ್ನಾಗಲಿ, ಸ್ಟೇ ವೈರನ್ನಾಗಲಿ ಮುಟ್ಟಬೇಡಿ, ದನ ಕಟ್ಟಬೇಡಿ. ಹುಡುಗರು ಗುರಿ ನೋಡಲು ಡಿಸ್ಕ್‌ಗೆ ಕಲ್ಲು ಹೊಡೆಯುತ್ತಿದ್ದರೆ ತಡೆಯಿರಿ. ಗಾಜಿನ ಡಿಸ್ಕ್ ಒಡೆದರೆ ಪುಡಿಯಾಗಿ ಕೆಳಗಿನಿಂದಲೇ ಗೊತ್ತಾಗುತ್ತದೆ, ಪಿಂಗಾಣಿ ಒಳಗೇ ಬಿರುಕು ಬಿಟ್ಟುಕೊಂಡು ಚೆನ್ನಾಗಿರುವ ಹಾಗೇ ಕಾಣುತ್ತದೆ. ಅಂಥ ಒಂದು ಡಿಸ್ಕ್ ಹುಡುಕಲು ನಾವು ಇಡೀ ಫೀಡರ್ ಉದ್ದಕ್ಕೂ ಕಂಬದಿಂದ ಕಂಬಕ್ಕೆ ನಡೆದ ದಿನಗಳಿವೆ. ಕಂಬದ ಮೇಲೆ ನಂಬರ್ ಇದ್ದರೆ ಬರೆದುಕೊಂಡು 1912ಕ್ಕೆ ಫೋನ್ ಮಾಡಿ. ಎಷ್ಟು ಗಂಟೆಗೆ ಸದ್ದು ಬಂತು, ಆಗ ಇಬ್ಬನಿ ಇತ್ತಾ ಅನ್ನುವುದನ್ನೂ ಹೇಳಿ. ಕಂಬ ಹತ್ತುವ ಪವರ್‌ಮ್ಯಾನ್‌ಗೆ ಆ ಎರಡು ಮಾತಿನಿಂದ ಅರ್ಧ ಕೆಲಸ ಉಳಿಯುತ್ತದೆ.